ಮೊದಲನೇ ಸೀಟಿನ ಎರಡು ಎಲೆ

ಗುಲಾಮ, ಎಂಟು. ಸಂಗಮೇಶ ಬಿಸಾಡಿದ.

ಸತತವಾಗಿ ಇದು ಹದಿನಾಲ್ಕನೆಯ ಸಲ. ಇದರಲ್ಲಿ ಅವಮಾನಪಡುವಂಥದ್ದೇನೂ ಇಲ್ಲವೆಂದು ಅವನು ತನಗೆ ತಾನೇ ಹೇಳಿಕೊಂಡ. ಪೋಕರ್‌ನಲ್ಲಿ ಒಬ್ಬೊಬ್ಬರಿಗೂ ಮೊದಲು ಮುಚ್ಚಿದ ಎರಡು ಎಲೆ ಬರುತ್ತವೆ, ಎಲ್ಲರಿಗೂ ಸೇರಿದ ಐದು ಎಲೆ ಮಧ್ಯದಲ್ಲಿ ಬೀಳುವುದು ಆಮೇಲೆ. ಬೇರೇನೂ ತಿಳಿಯುವ ಮುಂಚೆಯೇ ಆ ಎರಡನ್ನು ನೋಡಿ ಆಡುವುದೋ ಬಿಸಾಡುವುದೋ ತೀರ್ಮಾನಿಸಬೇಕು. ಬಂದ ಎಲೆಗಳಲ್ಲಿ ಬಹುಪಾಲು ಬಿಸಾಡುವುದಕ್ಕೇ ಲಾಯಕ್ಕು. ಇದು ಗೊತ್ತಿಲ್ಲದವರು ಆಡುತ್ತಾರೆ, ಗೊತ್ತಿದ್ದವರು ಕಾಯುತ್ತಾರೆ. ಸಂಗಮೇಶ ಬೆಳಿಗ್ಗೆ ಹತ್ತರಿಂದ ಕಾಯುತ್ತಿದ್ದ.

“ಮೇಷ್ಟ್ರು ಮತ್ತೆ ಬಿಸಾಕುದ್ರು,” ಎಂದರು ಬಲಪಕ್ಕದ ಬೈರಣ್ಣ. “ಹೊಸತೊಡಕಿನ ದಿವ್ಸ ಬಿಸಾಕ್ತಾ ಕೂತ್ರೆ ವರ್ಷವೆಲ್ಲಾ ಬಿಸಾಕ್ತಾನೇ ಇರ್ಬೇಕಾಯ್ತದೆ, ನೋಡ್ಕಳಿ.”

ಟೇಬಲ್ಲಿನ ಸುತ್ತ ಕೂತವರೆಲ್ಲ ನಕ್ಕರು. ಸಂಗಮೇಶನ ಎಡಗಡೆ ಕೂತಿದ್ದ ಹೆಂಡತಿ ಅನ್ನಪೂರ್ಣಳೂ ನಕ್ಕಳು. ಆದರೆ ನಗುವಾಗ ಅವಳು ತಿರುಗಿದ್ದು ಆಚೆ ಬದಿಗೆ, ದೀಪಕ್ ಕೂತಿದ್ದ ಕಡೆಗೆ.

ಬೈರಣ್ಣ ಮನೆಯ ಓನರು, ದೀಪಕ್ ಅವರ ಮಗ. ಇಟ್ಟಮಡುವಿನಲ್ಲಿ ಈ ನಾಲ್ಕಂತಸ್ತಿನ ಕಟ್ಟಡ ನಿಂತಿರುವ ಜಾಗದಲ್ಲಿ ಒಂದು ಕಾಲಕ್ಕೆ ಬೈರಣ್ಣನೇ ರಾಗಿ ಬಿತ್ತಿದ್ದರಂತೆ. ಬಾಗಲಕೋಟೆ ಕಡೆಯ ಸಂಗಮೇಶ, ಅನ್ನಪೂರ್ಣ ಆರು ವರ್ಷದಿಂದ ಅದರ ಮೂರನೆಯ ಅಂತಸ್ತಿನಲ್ಲಿ ಬಾಡಿಗೆಗಿದ್ದರು. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಈ ಮನೆಯಲ್ಲಿ ಬಾಡೂಟವೂ ಇಸ್ಪೀಟೂ ತಪ್ಪುವಂತಿರಲಿಲ್ಲ. ಆ ದಿನ ಗೆದ್ದವರು ವರ್ಷವಿಡೀ ಗೆಲ್ಲುತ್ತಾರೆ, ಸೋತವರು ವರ್ಷವಿಡೀ ಸೋಲುತ್ತಾರೆ ಎಂಬ ನಂಬಿಕೆ. ಮೊದಲೆಲ್ಲ ದುಡ್ಡಿಟ್ಟು ಅಂದರ್ ಬಾಹರ್ ನಡೆಯುತ್ತಿತ್ತಂತೆ. ಎರಡು ವರ್ಷದ ಹಿಂದೆ ದೀಪಕ್ ಗೋವಾಕ್ಕೆ ಹೋಗಿ ಪೋಕರ್ ಕಲಿತು ಬಂದು ಅದನ್ನೆಲ್ಲ ಎತ್ತಿಹಾಕಿ ಟೂರ್ನಮೆಂಟ್ ಶುರು ಮಾಡಿದ. ದುಡ್ಡಿಲ್ಲ, ಎಲ್ಲರಿಗೂ ಸಮಸಮವಾಗಿ ಪ್ಲಾಸ್ಟಿಕ್ ಬಿಲ್ಲೆ. ಬಿಲ್ಲೆ ಮುಗಿದವರು ಎದ್ದು ಹೋಗಬೇಕು. ಕೊನೆಗೆ ಉಳಿದ ಒಬ್ಬರಿಗೆ ಬೈರಣ್ಣನ ಹೆಂಡತಿ ಗೌರಮ್ಮ ಪೇಟ ಕಟ್ಟುತ್ತಾರೆ.

ಸಂಗಮೇಶ ಜಯನಗರದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ. ಇಂಥ ನಂಬಿಕೆಗಳನ್ನು ಕಂಡು ನಗುವುದಕ್ಕೇ ಅವನಿಗೆ ಸಂಬಳ. ಆದರೂ ಈ ಸಲ ಪೇಟ ತನಗೇ ಬೇಕೆಂದು ಅವನು ಹಟ ಹಿಡಿದಿದ್ದ. ಅದೂ ಅನ್ನಪೂರ್ಣಳ ಕಣ್ಣೆದುರಿಗೆ, ದೀಪಕನನ್ನು ಎಬ್ಬಿಸಿ ಕಳಿಸಿದ ಮೇಲೆ. ಅಷ್ಟಾದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದ. ಏನು ಕೆಟ್ಟಿದೆ ಎಂದು ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ.

ತಾರಸಿಯ ಶಾಮಿಯಾನದ ಕೆಳಗೆ ಎರಡು ಟೇಬಲ್ಲಿನಲ್ಲಿ ಹದಿನೆಂಟು ಜನ ಶುರು ಮಾಡಿದವರು ಈಗ ಒಂದೇ ಟೇಬಲ್ಲಿಗೆ ಐವರಾಗಿದ್ದರು. ಬೈರಣ್ಣ, ಅವರ ಪಕ್ಕ ಸಂಗಮೇಶ, ನಂತರ ಅನ್ನಪೂರ್ಣ, ಆಮೇಲೆ ದೀಪಕ್, ಕೊನೆಗೆ ಎದುರು ಮನೆಯ ಸಿದ್ದಲಿಂಗಯ್ಯ. ಯಾರೆಲ್ಲಿ ಕೂರಬೇಕೆಂದು ಚೀಟಿ ಎತ್ತಿದ್ದರು. ಚೀಟಿ ಅನ್ನಪೂರ್ಣಳನ್ನು ಅವನ ಮತ್ತು ದೀಪಕನ ನಡುವೆ ಕೂರಿಸಿತ್ತು. ಕೆಳಗಿನಿಂದ ಮಟನ್ ಸಾರಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು.

ಎಲೆ ಕಲೆಸುತ್ತಿದ್ದ ದೀಪಕ್ ಕಣ್ಣು ಮಿಟುಕಿಸಿದ. “ಸಾರ್‌ದು ಚಾರ್ಟ್ ಆಟ ಅಪ್ಪಾ. ನಮ್ ಥರ ಅಲ್ಲ.”

ಚಾರ್ಟಿನ ವಿಷಯ ಇವನಿಗೆ ಹೇಳಿದವರು ಯಾರು?

ಸಮಾನ ಬೆಲೆಯವನ್ನೆಲ್ಲ ಒಂದೆಂದು ಹಿಡಿದರೆ ಎರಡು ಎಲೆ ಕೂಡುವ ಬಗೆ ನೂರ ಅರವತ್ತೊಂಬತ್ತು. ಅಷ್ಟನ್ನೂ ಸಂಗಮೇಶ ಚೌಕಗಳಲ್ಲಿ ಬರೆದು, ಆಡತಕ್ಕವಕ್ಕೆ ಹಸಿರು, ಬಿಸಾಡತಕ್ಕವಕ್ಕೆ ಕೆಂಪು, ಕೂತ ಸೀಟು ನೋಡಿ ತೀರ್ಮಾನಿಸತಕ್ಕವಕ್ಕೆ ಹಳದಿ ಬಳಿದು, ಲ್ಯಾಮಿನೇಷನ್ ಮಾಡಿಸಿ ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದ್ದ. ಅನ್ನಪೂರ್ಣ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಕೇಳುತ್ತಿದ್ದ.

“ರಾಣಿ, ಹತ್ತು. ಮೊದಲನೇ ಸೀಟು.”

“ಬಿಸಾಡೂದು.”

“ಯಾಕ?”

“ಮೊದಲನೇ ಸೀಟಿನ್ಯಾಗ ಕುಂತವರಿಗೆ ಉಳಿದವರ ಕೈಯಾಗ ಏನೈತಿ ಅಂತ ಗೊತ್ತಿರಂಗಿಲ್ಲ.”

“ಎಕ್ಕ, ಒಂಬತ್ತು. ಕಡೀ ಸೀಟು.”

“ಆಡೂದು.”

“ಇದ್ದಬದ್ದ ಬಿಲ್ಲೆ ಎಲ್ಲಾ ಒಮ್ಮೆಲೇ ನೂಕೂದು ಯಾವಾಗ?”

“ಎಕ್ಕದ ಜೋಡಿ ಬಂದಾಗ ಅಷ್ಟ.”

ಈ ಕೊನೆಯದು ಅವನು ಅವಳಿಗೆಂದೇ ಮಾಡಿಕೊಟ್ಟ ಸುಲಭ ಸೂತ್ರ. ಅವನ ಸ್ವಂತ ಲೆಕ್ಕ ಅದಕ್ಕಿಂತ ಬಹಳ ನಾಜೂಕಿನದು. ನಿನಗ ಇಷ್ಟ ಸಾಕು ಎಂದಿದ್ದ. ಆಗಲಿ ಎಂದಿದ್ದಳು. ಆರು ತಿಂಗಳು ಹೀಗೆ ನಡೆಯಿತು, ಅವಳು ಒಂದು ದಿನವೂ ತಪ್ಪಲಿಲ್ಲ. ಮದುವೆಯಾದ ಹನ್ನೊಂದು ವರ್ಷದಲ್ಲಿ ಗಂಡಹೆಂಡತಿ ಅಷ್ಟು ಮಾತಾಡಿದ್ದು ಅದೇ ಮೊದಲು. ಅವನು ಕೇಳುವುದು, ಅವಳು ಹೇಳುವುದು, ಉತ್ತರ ಸರಿಯಾಗಿರುವುದು. ಇದನ್ನು ಅವನು ಸುಖವೆಂದೇ ತಿಳಿದಿದ್ದ.

ದೀಪಕ್ ಮೂರು, ಏಳು ಬಂದರೂ ಆಡುತ್ತಿದ್ದ. ಕೇಳಿದರೆ “ಸುಮ್ನೆ ಸಾರ್, ನೋಡೋಣ ಅಂತ” ಎನ್ನುತ್ತಿದ್ದ. ನೋಡೋಣ ಅಂದವನಿಗೆ ಮೂರೂ ಬೀಳುತ್ತಿತ್ತು, ಏಳೂ ಬೀಳುತ್ತಿತ್ತು. ಅವನ ಬದುಕೂ ಹಾಗೆಯೇ. ಓದಿದ್ದು ಅಷ್ಟಕ್ಕಷ್ಟೆ. ಅಪ್ಪ ರಾಗಿ ಬಿತ್ತಿದ ಕಡೆಯೆಲ್ಲ ಮಗನಿಗೆ ಕಟ್ಟಡ ಎದ್ದವು. ಸಂಗಮೇಶನಿಗೆ ಹೊಟ್ಟೆ ಉರಿಯುತ್ತಿತ್ತು. ಕಟ್ಟಡಗಳಿಗಾಗಿ ಅಲ್ಲವೆಂದು ತಿಳಿದುಕೊಳ್ಳುವಷ್ಟು ಅವನು ಓದಿಕೊಂಡಿದ್ದ. ಯೋಚಿಸದೆ ಕೈ ಚಾಚುತ್ತಾನಲ್ಲ, ಚಾಚಿದ ಕೈಗೆ ಏನಾದರೂ ಸಿಗುತ್ತದಲ್ಲ, ಅದಕ್ಕಾಗಿ.

ಮೊದಮೊದಲು ದೀಪಕ್ ಅನ್ನಪೂರ್ಣಳನ್ನು ಅಕ್ಕ ಎನ್ನುತ್ತಿದ್ದ. ಈಗ ಅನ್ನಪೂರ್ಣ ಅವ್ರೇ ಎನ್ನುತ್ತಾನೆ. ಅಕ್ಕ ಎನ್ನುವುದು ಯಾವ ತಿಂಗಳಲ್ಲಿ ನಿಂತಿತು? ಎಲ್ಲಕ್ಕೂ ಪಟ್ಟಿ ಹಾಕುವ ಸಂಗಮೇಶ ಇದೊಂದನ್ನು ಗಮನಿಸದೇ ಬಿಟ್ಟಿದ್ದ.

ಅನ್ನಪೂರ್ಣ ಬನಶಂಕರಿಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಕಲಿತ ಈ ಊರಿನ ಮಾತನ್ನು ಕೆಳಗಿನ ಅಂತಸ್ತಿನವರೊಂದಿಗೆ ಆಡುತ್ತಾಳೆ. ಮೂರನೆಯ ಅಂತಸ್ತಿಗೆ ಬಂದು ಚಪ್ಪಲಿ ಬಿಟ್ಟೊಡನೆ ಬಾಗಲಕೋಟೆಯ ಮಾತಿಗೆ ಮರಳುತ್ತಾಳೆ. ಅವನಿಗೆ ಅದು ಮೆಚ್ಚುಗೆಯ ವಿಷಯವಾಗಿತ್ತು. ಇವತ್ತು ಬೆಳಗಿನಿಂದ ಅವಳು ಚಪ್ಪಲಿ ಬಿಟ್ಟಿರಲಿಲ್ಲ.

“ಸಖತ್ತಾಗಿ ಆಡ್ತಿದೀರ ಕಣ್ರೀ,” ಎಂದ ದೀಪಕ್ ಅವಳಿಗೆ.

“ಏನ್ ಸಖತ್ತು, ಬರೀ ಬಿಸಾಕ್ತಿದೀನಿ.”

“ನಾನ್ ಆಡ್ದಾಗ ಮಾತ್ರ ಬಿಸಾಕ್ತೀರ.”

“ಹೆದ್ರಿಕೆ,” ಎಂದು ಅವಳು ನಕ್ಕಳು.

ದೀಪಕ್ ಹೇಳಿದ್ದು ನಿಜ. ಸಂಗಮೇಶ ಎಣಿಸಿದ್ದ. ಈ ಟೇಬಲ್ಲಿಗೆ ಬಂದ ಮೇಲೆ ದೀಪಕ್ ಪಣದ ಬಿಲ್ಲೆ ಏರಿಸಿದ್ದು ಒಂಬತ್ತು ಸಲ, ಒಂಬತ್ತೂ ಸಲ ಅವಳು ಎಲೆ ಬಿಸಾಡಿದ್ದಳು. ಅಷ್ಟು ಸಲದಲ್ಲಿ ಹಸಿರಿನ ಎಲೆ ಒಮ್ಮೆಯೂ ಬರಲಿಲ್ಲವೇ? ಬರದಿರಲೂಬಹುದು, ಅಸಾಧ್ಯವೇನಲ್ಲ. ಅಥವಾ ಬಂದೂ ಬಿಟ್ಟುಕೊಟ್ಟಳೇ? ಅವಳ ಎಲೆ ಈ ಟೇಬಲ್ಲಿನಲ್ಲಿ ಒಮ್ಮೆಯೂ ತೆರೆದಿರಲಿಲ್ಲ. ಆದರೆ ಚಾರ್ಟ್ ತನ್ನದು, ಕಲಿಸಿದವನು ತಾನು. ಅವಳು ಆಡಿದರೆ ಏನಿಟ್ಟುಕೊಂಡು ಆಡಿದಳೆಂದು, ಬಿಸಾಡಿದರೆ ಏನನ್ನು ಬಿಸಾಡಿದಳೆಂದು ಅವನಿಗೆ ತಿಳಿಯುತ್ತದೆ. ಪಕ್ಕದಲ್ಲಿ ಕೂತ ಹೆಂಗಸನ್ನು ಅವಳ ಮುಖ ನೋಡದೆಯೇ ಓದಬಲ್ಲ ಗಂಡ ಇಟ್ಟಮಡುವಿನಲ್ಲಿ ಇನ್ನೊಬ್ಬನಿರಲಾರ ಎಂದುಕೊಂಡ. ಮುಖ ನೋಡಿ ಎಷ್ಟು ದಿನವಾಯಿತೋ ಆ ಲೆಕ್ಕ ಅವನಲ್ಲಿರಲಿಲ್ಲ.

ಸಿದ್ದಲಿಂಗಯ್ಯ ಎಲೆ ಹಂಚಿದರು. ಈ ಸುತ್ತಿನಲ್ಲಿ ಅನ್ನಪೂರ್ಣಳದು ಎಲ್ಲರಿಗಿಂತ ಮುಂಚೆ ಆಡಬೇಕಾದ ಮೊದಲನೆಯ ಸೀಟು, ಸಂಗಮೇಶನದು ಕೊನೆಯದು.

ಅವನು ಎಲೆಗಳ ಮೂಲೆ ಎತ್ತಿ ನೋಡಿದ. ರಾಜ. ಇನ್ನೊಂದೂ ರಾಜ.

ನೂರ ಅರವತ್ತೊಂಬತ್ತರಲ್ಲಿ ಎರಡನೆಯ ಚೌಕ. ಇದಕ್ಕೂ ಮೇಲಿರುವುದು ಎಕ್ಕದ ಜೋಡಿ ಒಂದೇ. ಬೆಳಿಗ್ಗೆಯಿಂದ ಕಾದದ್ದು ಇದಕ್ಕೇ. ಉಸಿರು ಏರದಂತೆ ನೋಡಿಕೊಂಡು ಎಲೆಗಳನ್ನು ಮುಚ್ಚಿದ. ದೀಪಕ್ ಯಾವ ಎಲೆ ಬಂದರೂ ಬಿಲ್ಲೆ ಏರಿಸುತ್ತಾನೆ. ಏರಿಸಲಿ.

“ಆಲ್ ಇನ್,” ಎಂದಳು ಅನ್ನಪೂರ್ಣ.

ತನ್ನ ಮುಂದಿದ್ದ ಬಿಲ್ಲೆಗಳಷ್ಟನ್ನೂ ಎರಡೂ ಕೈಯಿಂದ ಮಧ್ಯಕ್ಕೆ ನೂಕಿದಳು. ಒಂದೆರಡು ಉರುಳಿ ಕೆಳಗೆ ಬಿದ್ದವು. ಬೈರಣ್ಣ ಬಗ್ಗಿ ಎತ್ತಿಕೊಟ್ಟರು.

“ಅಬ್ಬಬ್ಬಾ! ನಾನಿಲ್ಲ ಗುರು,” ಎಂದು ದೀಪಕ್ ಎಲೆ ಬಿಸಾಡಿದ. ಸಿದ್ದಲಿಂಗಯ್ಯ ಬಿಸಾಡಿದರು. ಬೈರಣ್ಣ ತಮ್ಮ ಎಲೆಗಳನ್ನು ದಿಟ್ಟಿಸಿ, ನಾಲಿಗೆ ಲೊಚಗುಟ್ಟಿ ಬಿಸಾಡಿದರು. ಉಳಿದವನು ಸಂಗಮೇಶ. ಅವನ ಮುಂದಿದ್ದ ಬಿಲ್ಲೆಗಳು ಅವಳ ಅರ್ಧದಷ್ಟೂ ಇರಲಿಲ್ಲ. ಗೆದ್ದರೆ ಎರಡರಷ್ಟಾಗುತ್ತವೆ. ಸೋತರೆ ಅವನು ಏಳಬೇಕು.

ಎರಡು ರಾಜರನ್ನು ತೆಗೆದರೆ ಐವತ್ತು ಎಲೆ. ಅವುಗಳಲ್ಲಿ ಅವಳ ಕೈಗೆ ಎರಡು ಬರುವ ಬಗೆ ಸಾವಿರದ ಇನ್ನೂರ ಇಪ್ಪತ್ತೈದು. ಎಕ್ಕದ ಜೋಡಿ ಬರುವ ಬಗೆ ಬರೀ ಆರು. ಯಾವ ವಿದ್ಯಾರ್ಥಿಯನ್ನು ಎಬ್ಬಿಸಿ ಕೇಳಿದರೂ ಆಡಿ ಸಾರ್ ಎನ್ನುತ್ತಾನೆ. ಆದರೆ ಆ ಸಾವಿರದ ಇನ್ನೂರ ಇಪ್ಪತ್ತೈದು ಪರರಿಗೆ ಅನ್ವಯಿಸುವ ಲೆಕ್ಕ. ಇವಳು ಅನ್ನಪೂರ್ಣ. ಮೊದಲನೇ ಸೀಟು, ಇದ್ದಬದ್ದ ಬಿಲ್ಲೆ ಎಲ್ಲಾ. ಯಾವಾಗ? ಎಕ್ಕದ ಜೋಡಿ ಬಂದಾಗ ಅಷ್ಟ. ಹಿಟ್ಟಿನ ಕೈಯಲ್ಲಿ ಮುಂಗುರುಳು ಸರಿಸಿಕೊಳ್ಳುತ್ತ ಎಷ್ಟು ಸಲ ಹೇಳಿದ್ದಾಳೆ.

ಆಗ ಅವಳು ತನ್ನ ಎಲೆಗಳನ್ನು ಎತ್ತಿ, ಅಂಗೈ ಮರೆ ಮಾಡಿ, ದೀಪಕನ ಕಡೆ ವಾಲಿಸಿದಳು.

ಆಟ ಮುಗಿಯುವ ಮುಂಚೆ ಹೀಗೆ ತೋರಿಸುವುದು ದೊಡ್ಡ ಕ್ಲಬ್ಬುಗಳಲ್ಲಿ ತಪ್ಪು. ಹೊಸತೊಡಕಿನ ತಾರಸಿಯಲ್ಲಿ ಯಾರೂ ತಪ್ಪೆನ್ನುವುದಿಲ್ಲ. ದೀಪಕ್ ಎಲೆ ಬಿಸಾಡಿ ಹೊರಗುಳಿದವನು, ತೋರಿಸಿದರೆ ನಷ್ಟವೇನು? ದೀಪಕ್ ಬಗ್ಗಿ ನೋಡಿದ. ಅವನ ಹುಬ್ಬು ಮೇಲಕ್ಕೆ ಹೋದವು. ಅವಳ ಮುಖ ನೋಡಿದ, ಮತ್ತೆ ಎಲೆ ನೋಡಿದ, ತುಟಿ ಬಿಗಿಹಿಡಿದು ಆಕಾಶ ನೋಡಿದ.

ಸಂಗಮೇಶ ಆ ಹುಬ್ಬುಗಳನ್ನು ಓದಲು ಹೆಣಗಿದ. ಅಬ್ಬಾ ಎಕ್ಕಗಳು ಎಂದು ಏರಿದ ಹುಬ್ಬೋ? ಎಂಥ ಕಸ ಇಟ್ಟುಕೊಂಡು ನೂಕಿದ್ದಾಳೆ ಎಂದು ಏರಿದ ಹುಬ್ಬೋ? ತನ್ನ ಹೆಂಡತಿಯ ಕೈಯಲ್ಲಿ ಏನಿದೆಯೆಂದು ತಿಳಿಯಲು ಇನ್ನೊಬ್ಬ ಗಂಡಸಿನ ಹುಬ್ಬು ನೋಡುತ್ತಿದ್ದೇನೆ ಎಂಬುದು ಹೊಳೆದು ಅವನ ಕಿವಿ ಬಿಸಿಯಾಯಿತು. ಅವನಿಗೆ ಗೊತ್ತು, ನನಗೆ ಗೊತ್ತಿಲ್ಲ. ಇಷ್ಟೊಂದು ಹೊಟ್ಟೆಕಿಚ್ಚು ತನ್ನೊಳಗೆ ಇತ್ತೇ ಎಂದು ಅವನಿಗೇ ಆಶ್ಚರ್ಯವಾಯಿತು.

“ಮೇಷ್ಟ್ರೇ, ಊಟ ಆರೋಯ್ತದೆ,” ಎಂದರು ಬೈರಣ್ಣ.

ಆಡಬಹುದು. ಆದರೆ ಆಡುವುದೆಂದರೆ ಇವಳ ಕೈಯಲ್ಲಿ ಎಕ್ಕಗಳಿಲ್ಲ ಎನ್ನುವುದು. ಇವಳು ತನ್ನ ಚಾರ್ಟನ್ನು ಎಂದೋ ಬಿಟ್ಟಿದ್ದಾಳೆ, ಆರು ತಿಂಗಳು ಒಪ್ಪಿಸಿದ್ದೆಲ್ಲ ಬಾಯಿಪಾಠ, ರೊಟ್ಟಿ ಬಡಿಯುತ್ತ ಉತ್ತರ ಹೇಳಿದ ಹೆಂಗಸು ಬೇರೆ, ಇಲ್ಲಿ ಕೂತವಳು ಬೇರೆ ಎನ್ನುವುದು. ಬಿಸಾಡಿದರೆ ರಾಜರು ಹೋಗುತ್ತಾರೆ, ಅನ್ನಪೂರ್ಣ ಉಳಿಯುತ್ತಾಳೆ.

ಬಿಸಾಡಿದ.

“ಏನಿತ್ತು ಸಾರ್?” ಎಂದ ದೀಪಕ್.

“ಏನೂ ಇರಲಿಲ್ಲ.”

ಅನ್ನಪೂರ್ಣ ಅವನತ್ತ ನೋಡಿದಳು. ಎಲೆ ತೆರೆಯುತ್ತಾಳೆಂದು ಅವನು ಕಾದ. ಉಳಿದವರೆಲ್ಲ ಬಿಸಾಡಿದಾಗ ಗೆದ್ದವರು ತೆರೆಯಲೇಬೇಕೆಂಬ ನಿಯಮವಿಲ್ಲ, ಆದರೆ ಗಂಡನಿಗೆ, ಕಲಿಸಿದವನಿಗೆ, ಎಕ್ಕಗಳನ್ನು ತೋರಿಸಿ ನೋಡ್ರಿ ಎನ್ನಬಾರದೇ? ಅವಳು ಎರಡನ್ನೂ ಬೆನ್ನು ಮೇಲಾಗಿಯೇ ಹಿಡಿದು ಬಿಸಾಡಿದ ಎಲೆಗಳ ರಾಶಿಗೆ ತೂರಿಸಿದಳು. ದೀಪಕ್ ತಡೆದುಕೊಂಡಿದ್ದ ನಗುವನ್ನು ಬಿಟ್ಟ. ಅವಳು ಅವನ ತೋಳಿಗೆ ಮೆಲ್ಲಗೆ ಹೊಡೆದಳು.

“ಸುಮ್ನಿರಿ,” ಎಂದಳು.

ಮುಂದಿನ ಸುತ್ತಿನ ಎಲೆ ಬಂದವು. ಬೈರಣ್ಣ ಬಿಲ್ಲೆ ಏರಿಸಿದರು. ಸಂಗಮೇಶ ತನ್ನ ಎಲೆಗಳನ್ನು ಮುಟ್ಟಲೇ ಇಲ್ಲ. ಬಿಲ್ಲೆಗಳನ್ನೆಲ್ಲ ನೂಕಿದ. ಎರಡು ವರ್ಷಗಳಲ್ಲಿ ನೋಡದೆ ಆಡಿದ್ದು ಇದೇ ಮೊದಲು. ಅನ್ನಪೂರ್ಣ ಗಮನಿಸುತ್ತಾಳೆಂದುಕೊಂಡ. ಅವಳು ಎಲೆ ಬಿಸಾಡಿ ಎದ್ದು, ನೀರು ತರಲು ಡ್ರಮ್ಮಿನ ಹತ್ತಿರ ಹೋಗಿದ್ದಳು.

“ನೋಡ್ದೇನೇ ನೂಕ್ಬುಟ್ರಲ್ಲಪ್ಪಾ ಮೇಷ್ಟ್ರು! ನಾನೂ ಬಂದೆ ತಗಳಿ. ಎರಡೂ ಕೆಂಪಗವೆ.” ಬೈರಣ್ಣ ಎಲೆ ತೆರೆದರು. ಎರಡು, ಐದು. ಚಾರ್ಟಿನಲ್ಲಿ ಕಡುಗೆಂಪು. ಸಂಗಮೇಶನ ಎಲೆ ತಿರುವಿದರೆ ರಾಣಿ, ಹತ್ತು. ಮಧ್ಯದಲ್ಲಿ ಐದು ಎಲೆ ಬಿದ್ದವು. ಅವುಗಳಲ್ಲಿ ರಾಣಿಯೂ ಇಲ್ಲ, ಹತ್ತೂ ಇಲ್ಲ. ಒಂದು ಎರಡರ ಎಲೆ ಇತ್ತು, ಜೋಡಿಯಾಯಿತು. ಅಷ್ಟಕ್ಕೇ ಬೈರಣ್ಣ ಗೆದ್ದರು.

ಸಂಗಮೇಶ ಎದ್ದು ನೀರಿನ ಟ್ಯಾಂಕಿನ ನೆರಳಿಗೆ ಹೋಗಿ ನಿಂತ. ಸೋತದ್ದಕ್ಕೆ ಬೇಜಾರಾಗಲಿಲ್ಲ. ಆ ಎರಡು ಎಲೆ ಯಾವುವು ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು. ಅಲ್ಲಿಂದಲೇ ಮಿಕ್ಕ ಆಟ ನೋಡಿದ. ಸಿದ್ದಲಿಂಗಯ್ಯ ಎದ್ದರು. ಬೈರಣ್ಣ ಎದ್ದರು. ಕೊನೆಗೆ ಅವಳು, ದೀಪಕ್ ಇಬ್ಬರೇ ಎದುರುಬದುರು. ಹತ್ತು ನಿಮಿಷ ಅವರಿಬ್ಬರೂ ಮಾತಾಡಲಿಲ್ಲ, ನಗಲಿಲ್ಲ, ಒಬ್ಬರನ್ನೊಬ್ಬರು ನೋಡುತ್ತ ಆಡಿದರು. ನಗುತ್ತಿದ್ದಾಗಲೇ ವಾಸಿಯಿತ್ತು ಎನ್ನಿಸಿತು ಅವನಿಗೆ.

ಅವಳು ಗೆದ್ದಳು.

ಗೌರಮ್ಮ ಪೇಟ ಹಿಡಿದು ಮೇಲೆ ಬಂದರು. “ಹೆಣ್ಮಗೀಗೆ ಪೇಟ ಕಟ್ತಿರೋದು ಇದೇ ಮೊದ್ಲು ಕಣವ್ವಾ. ತಲೆ ಬಗ್ಸು.” ಅನ್ನಪೂರ್ಣ ಬಗ್ಗಿದಳು. ಪೇಟ ದೊಡ್ಡದಾಗಿ ಕಿವಿಯ ಮೇಲೆ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಗಮೇಶನೂ ತಟ್ಟಿದ.

ಮೆಟ್ಟಿಲ ಬಳಿ ಅವಳನ್ನು ತಡೆದ.

“ನಿನಗ ಏನ್ ಬಂದಿತ್ತು?”

“ಯಾವಾಗ?”

“ನನ್ನ ಮ್ಯಾಲ ಎಲ್ಲಾ ನೂಕಿದಾಗ.”

“ನಿಮ್ ಮೇಲೆ ಅಂತ ಏನಿಲ್ಲ. ಎಲ್ರೂ ಇದ್ರಲ್ಲ.”

“ಎಕ್ಕ ಇದ್ದೂ ಹೌದಿಲ್ಲೋ?”

ಅವಳು ಪೇಟವನ್ನು ಎತ್ತಿ ಹಣೆಯಿಂದ ಮೇಲಕ್ಕೆ ಸರಿಸಿಕೊಂಡಳು. ಮುಖದಲ್ಲಿ ಕೋಪವಿರಲಿಲ್ಲ, ತುಂಟತನವೂ ಇರಲಿಲ್ಲ. ಅವಳು ದಣಿದಿದ್ದಳು, ಖುಷಿಯಾಗಿದ್ದಳು.

“ನಿಮ್ಗೆ ಏನಿತ್ತು ಅಂತ ನಾನ್ ಕೇಳಿದ್ನಾ? ಬಿಡಿ. ಆಟ ಮುಗೀತಲ್ಲ, ಬನ್ನಿ ಊಟಕ್ಕೆ.”

ಈ ಮಾತನ್ನು ಅವಳು ಕೆಳಗಿನವರ ಭಾಷೆಯಲ್ಲಿ ಅವನಿಗೆ ಆಡಿದಳು. ಹಾಗೆ ಆಡಿದ್ದು ಅವಳ ಗಮನಕ್ಕೆ ಬಂದಂತೆ ಕಾಣಲಿಲ್ಲ. ಇಳಿದು ಹೋದಳು.

ಹಿಂದಿನಿಂದ ದೀಪಕ್ ಬಂದ. ಕೇಳಬಾರದೆಂದು ಸಂಗಮೇಶ ನಿಶ್ಚಯಿಸಿದ. ಕೇಳಿದ.

“ಅಯ್ಯೋ, ಅದಾ ಸಾರ್?” ದೀಪಕ್ ಕುತ್ತಿಗೆ ಕೆರೆದುಕೊಂಡ. “ಹೇಳ್ಬಾರ್ದು ಅಂತ ಆಣೆ ಹಾಕ್ಸಿದಾರೆ ಸಾರ್ ಅವ್ರು. ಬೇಜಾರ್ ಮಾಡ್ಕೋಬೇಡಿ.”

“ಇಲ್ಲ ಇಲ್ಲ.”

“ನೀವು ಗೆಸ್ ಮಾಡಿರ್ತೀರ ಬಿಡಿ. ನಿಮ್ ಮಿಸೆಸ್ ಅಲ್ವಾ?”

“ಹೌದೌದು,” ಎಂದ ಸಂಗಮೇಶ.

ದೀಪಕ್ ಎರಡೆರಡು ಮೆಟ್ಟಿಲು ಹಾರುತ್ತ ಇಳಿದ. ತಾರಸಿ ಖಾಲಿಯಾಯಿತು. ಕೆಳಗೆ ಪಂಕ್ತಿ ಕೂರುವ ಗದ್ದಲ. ಸಂಗಮೇಶ, ಅನ್ನಪೂರ್ಣ ಮಾಂಸ ತಿನ್ನುವವರಲ್ಲವೆಂದು ಗೌರಮ್ಮ ಹಿಂದಿನ ದಿನದ ಹೋಳಿಗೆ, ಹೊಸದಾಗಿ ಮಾಡಿದ ಪಲ್ಯ ಬೇರೆಯಾಗಿ ತೆಗೆದಿಟ್ಟಿದ್ದರು. ಪೇಟ ಕಟ್ಟಿಕೊಂಡವರು ಸಾಲಿನ ಮೊದಲಿಗೆ, ಬೈರಣ್ಣನ ಪಕ್ಕದಲ್ಲಿ ಕೂರಬೇಕು. ಬೈರಣ್ಣನ ಇನ್ನೊಂದು ಪಕ್ಕ ಯಾರು, ಅವಳ ಇನ್ನೊಂದು ಪಕ್ಕ ಯಾರು ಎಂದು ಯೋಚಿಸಿದ. ಅವಳ ನಗು ಕೇಳಿಸಿತು. ಅವಳದೇ ಇರಬೇಕು.

ಅವನು ಟೇಬಲ್ಲಿಗೆ ಮರಳಿದ. ಎಲೆಗಳು ರಾಶಿಯಾಗಿ ಬಿದ್ದಿದ್ದವು. ಕೂತು ಒಂದೊಂದಾಗಿ ತಿರುವತೊಡಗಿದ. ಅದಾದ ಮೇಲೆ ಹತ್ತಾರು ಸಲ ಕಲೆಸಿ ಹಂಚಿದ್ದಾರೆ, ಈಗ ತಿರುವಿದರೆ ಸಿಗುವುದೇನೂ ಇಲ್ಲ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವು ಇಲ್ಲೇ ಇವೆ. ಅವಳ ಬೆರಳು ತಾಗಿದ, ದೀಪಕ್ ಬಗ್ಗಿ ನೋಡಿದ ಎರಡು ಎಲೆ ಈ ಐವತ್ತೆರಡರ ಒಳಗೇ ಇವೆ. ಏಳು, ಎರಡು ಇರಬಹುದು. ಗುಲಾಮ, ಆರು ಇರಬಹುದು. ಎಕ್ಕಗಳೇ ಇರಬಹುದು. ಪ್ರತಿ ಎಲೆಯನ್ನೂ ಎತ್ತಿ ಇದೇನಾ ಎಂಬಂತೆ ನೋಡಿದ. ಒಂದರ ಮೂಲೆಯಲ್ಲಿ ಅರಿಶಿನದ ಬೆರಳಚ್ಚಿತ್ತು. ಯುಗಾದಿಯ ಮಾರನೆಯ ದಿನ ಈ ಮನೆಯಲ್ಲಿ ಯಾರ ಕೈಯಲ್ಲಿ ಅರಿಶಿನವಿಲ್ಲ?

“ಮೇಷ್ಟ್ರೇ, ಎಲ್ಲಾ ಕಾಯ್ತಾವ್ರೆ!” ಗೌರಮ್ಮ ಕೆಳಗಿನಿಂದ ಕೂಗಿದರು.

“ಬಂದೆ.”

ಅವಳವು ಬೇಡ, ತನ್ನವನ್ನಾದರೂ ನೋಡಿ ಇಳಿಯೋಣ ಎಂದುಕೊಂಡ. ತನ್ನ ರಾಜರು. ಹುಡುಕಿ ತೆಗೆದ. ಇಸ್ಪೀಟು, ಆಟೀನು, ಡೈಮನ್, ಕಳಾವರ್. ಪ್ಯಾಕಿನಲ್ಲಿ ರಾಜರು ನಾಲ್ವರು. ನಾಲ್ಕನ್ನೂ ಸಾಲಾಗಿ ಇಟ್ಟ.

ತನಗೆ ಬಂದ ಇಬ್ಬರು ಯಾರು?

ಚಾರ್ಟಿನಲ್ಲಿ ಜೋಡಿಗೆ ಇಸ್ಪೀಟು, ಆಟೀನು ಎಂಬ ಭೇದವಿಲ್ಲ. ರಾಜ, ರಾಜ, ಅಷ್ಟೇ. ಯಾವ ರಾಜನಾದರೂ ಬೆಲೆ ಒಂದೇ. ಮೂಲೆ ಎತ್ತಿದಾಗ ಅವನು ನೋಡಿದ್ದು ಬೆಲೆಯನ್ನು, ಎಲೆಯನ್ನಲ್ಲ. ಒಬ್ಬ ಕರಿಯನಿದ್ದ ಎನ್ನಿಸಿತು. ಇಬ್ಬರೂ ಕರಿಯರೇ ಇದ್ದರೇನೋ. ಕಣ್ಣು ಮುಚ್ಚಿ ನೆನಪಿಸಿಕೊಂಡ. ಅನ್ನಪೂರ್ಣ ಬಿಲ್ಲೆ ನೂಕಿದ್ದು ಕಂಡಿತು, ದೀಪಕನ ಹುಬ್ಬು ಏರಿದ್ದು ಕಂಡಿತು. ತನ್ನ ಕೈ ಕಂಡಿತು. ಕೈಯಲ್ಲಿದ್ದದ್ದು ಕಾಣಲಿಲ್ಲ.

ಕೆಳಗೆ ಅವನಿಗೆ ಕಾಯದೆಯೇ ಬಡಿಸಲು ಶುರು ಮಾಡಿದ್ದರು. ಅವನು ಎರಡು ರಾಜರನ್ನು ಕೈಗೆತ್ತಿಕೊಂಡ. ಇವೇ ಇರಬೇಕು ಎನ್ನಿಸಿತು. ಅವನ್ನಿಟ್ಟು ಉಳಿದೆರಡನ್ನು ಎತ್ತಿಕೊಂಡ. ಇವೂ ಇರಬಹುದು ಎನ್ನಿಸಿತು.